ನಿಮ್ಮ ಸೋಲಾರ್ ನಿಜವಾಗಿಯೂ ನೀರು ಕಾಯಿಸ್ತಿದೆಯಾ? ಮನೆಯಲ್ಲೇ ಪರೀಕ್ಷೆ ಮಾಡೋದು ಹೀಗೆ

ಬೆಳಗ್ಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಅಂದಮೇಲೆ ಸೋಲಾರ್ ಚೆನ್ನಾಗಿದೆ. ಹೆಚ್ಚಿನ ಮನೆಗಳಲ್ಲಿ ಪರೀಕ್ಷೆ ಅಂದರೆ ಇಷ್ಟೇ. ಆದರೆ ಆ ಟ್ಯಾಂಕಿನೊಳಗೆ ಸಾಮಾನ್ಯವಾಗಿ 2 ಕಿಲೋವ್ಯಾಟ್‌ನ ಒಂದು ಕಾಯಿಲ್ ಕೂಡ ಇರುತ್ತದೆ, ಮೋಡದ ದಿನಕ್ಕೆ ಅಂತ. ಆಷಾಢದಲ್ಲಿ ಯಾರೋ ಅದರ ಸ್ವಿಚ್ ಹಾಕಿರುತ್ತಾರೆ, ದಸರಾ ಕಳೆದರೂ ಅದನ್ನು ಆರಿಸಿರುವುದಿಲ್ಲ. ಹಾಗಿರುವಾಗ ತಾರಸಿ ಮೇಲಿನ ಪ್ಯಾನೆಲ್ ಪೂರ್ತಿ ಕೈಕೊಟ್ಟರೂ ಬಚ್ಚಲುಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ನೀರು ಕಾಯುತ್ತಿರುವುದೇ ಕರೆಂಟಿನಿಂದ.

ಗೃಹಜ್ಯೋತಿ ಇರುವ ಮನೆಗಳಲ್ಲಿ ಇದು ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ. ಬಿಲ್ ಸೊನ್ನೆ ಬರುವವರೆಗೆ ಯೂನಿಟ್ ಎಷ್ಟಾಯಿತು ಅಂತ ಯಾರು ನೋಡುತ್ತಾರೆ? ಆ ಕಾಯಿಲ್ ದಿನಕ್ಕೆ ಎರಡು ಗಂಟೆ ಓಡಿದರೆ 4 ಯೂನಿಟ್, ತಿಂಗಳಿಗೆ 120. ಮನೆಯ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಆಗ ಎಲ್ಲರೂ ಫ್ರಿಜ್ಜನ್ನು ಬೈಯುತ್ತಾರೆ.

ಹಾಗಾಗಿ ಪರೀಕ್ಷೆಗೆ ಮುಂಚೆ ಒಂದೇ ಷರತ್ತು: ಬ್ಯಾಕಪ್ ಹೀಟರಿನ, ಅಂದರೆ ಆ ಕಾಯಿಲಿನ, ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಕೆಳಗಿಳಿಸಿ, ಅದರ ಮೇಲೆ ಒಂದು ಟೇಪ್ ಅಂಟಿಸಿ, ಮನೆಯವರಿಗೆಲ್ಲ ಹೇಳಿ. ಯಾವ ಎಂಸಿಬಿ ಅಂತ ಗೊತ್ತಿಲ್ಲದಿದ್ದರೆ ಹೀಟರ್ ಒಂದನ್ನು ಬಿಟ್ಟು ಮನೆಯ ಎಲ್ಲ ಉಪಕರಣ ಆರಿಸಿ, ಮೀಟರಿನ ಮಿನುಗುವ ಕೆಂಪು ದೀಪ ನೋಡಿ. ಮೀಟರಿನ ಮೇಲೆ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಅಂತ ಅಚ್ಚಾಗಿರುತ್ತದೆ. ಅದು 3200 ಆಗಿದ್ದರೆ, 2 ಕಿಲೋವ್ಯಾಟ್ ಕಾಯಿಲ್ ಓಡುವಾಗ ದೀಪ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಮಿನುಗುತ್ತದೆ. ಯಾವ ಎಂಸಿಬಿ ಇಳಿಸಿದಾಗ ಅದು ಥಟ್ಟನೆ ನಿಧಾನವಾಗುತ್ತದೋ ಅದೇ ನಿಮ್ಮ ಹೀಟರ್. ನೀರು ಆಗಲೇ ಕಾದಿದ್ದರೆ ಥರ್ಮೋಸ್ಟಾಟ್ ಕಾಯಿಲನ್ನು ತಾನೇ ಆರಿಸಿರುತ್ತದೆ, ಆದ್ದರಿಂದ ಇದನ್ನು ಎಲ್ಲರ ಸ್ನಾನ ಮುಗಿದು ಟ್ಯಾಂಕ್ ತಣ್ಣಗಿರುವಾಗ ಮಾಡಿ.

ಎಷ್ಟು ಬಿಸಿ ಆಗಬೇಕು?

ಲೆಕ್ಕ ಸುಲಭ. ಒಂದು ಯೂನಿಟ್ ಶಕ್ತಿಯಲ್ಲಿ 860 ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, 860ರಿಂದ ಭಾಗಿಸಿದರೆ ಯೂನಿಟ್ ಸಿಕ್ಕಿತು. 200 ಲೀಟರ್ ಟ್ಯಾಂಕ್ 35 ಡಿಗ್ರಿ ಏರಿದರೆ 200 × 35 ÷ 860, ಅಂದರೆ 8 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ.

ಇನ್ನು ಬಿಸಿಲಿನ ಕಡೆಯ ಲೆಕ್ಕ. ಬೆಂಗಳೂರಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ ಆಸುಪಾಸು ಬಿಸಿಲು ಬೀಳುತ್ತದೆ. 200 ಲೀಟರ್‌ನ ಪ್ಲೇಟ್ ಮಾದರಿಯಲ್ಲಿ (ಗಾಜು ಹೊದಿಸಿದ ಚಪ್ಪಟೆ ಪ್ಯಾನೆಲ್ ಇರುವುದು) ಸಾಮಾನ್ಯವಾಗಿ ತಲಾ 2 ಚದರ ಮೀಟರಿನ ಎರಡು ಪ್ಯಾನೆಲ್ ಇರುತ್ತವೆ, ಅಂದರೆ ಬೀಳುವುದು 20 ಯೂನಿಟ್. ಅದರಲ್ಲಿ ನೂರಕ್ಕೆ 40ರಿಂದ 50 ಭಾಗ ನೀರಿಗೆ ಸೇರಿದರೆ ವ್ಯವಸ್ಥೆ ಸರಿಯಾಗಿದೆ ಅಂತ. 8ರಿಂದ 10 ಯೂನಿಟ್. ಹೀಗೆ ನೋಡಿದರೆ ಒಳ್ಳೆ ಬಿಸಿಲಿನ ದಿನ 200 ಲೀಟರ್ ಟ್ಯಾಂಕ್ 35ರಿಂದ 40 ಡಿಗ್ರಿ ಏರಬೇಕು. ತಣ್ಣೀರು 24 ಇದ್ದರೆ ಸಂಜೆಗೆ 60ರ ಹತ್ತಿರ. 100 ಲೀಟರಿಗೆ ಒಂದು ಪ್ಯಾನೆಲ್, ಆದ್ದರಿಂದ ಏರಿಕೆ ಅಷ್ಟೇ. ಸಾಲಾಗಿ ಗಾಜಿನ ಕೊಳವೆಗಳಿರುವ ಟ್ಯೂಬ್ ಮಾದರಿಗೂ ಇದೇ ಅಂದಾಜು ಇಟ್ಟುಕೊಳ್ಳಿ.

ಇಲ್ಲಿ ನೋಡಬೇಕಾದ್ದು ಏರಿಕೆ, ಬರೀ ಸಂಜೆಯ ಅಂಕಿ ಅಲ್ಲ. ಧನುರ್ಮಾಸದ ತಣ್ಣೀರಿಗೂ ಏಪ್ರಿಲ್‌ನ ತಣ್ಣೀರಿಗೂ ಏಳೆಂಟು ಡಿಗ್ರಿ ವ್ಯತ್ಯಾಸ ಇರುತ್ತದೆ. ಡಿಸೆಂಬರಿನಲ್ಲಿ 55 ಬಂದರೆ ಚೆನ್ನಾಗಿದೆ, ಏಪ್ರಿಲ್‌ನಲ್ಲಿ ಅದೇ 55 ಬಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಮಳೆಗಾಲದ ಅಂಕಿಗಳಿಂದ ಏನನ್ನೂ ತೀರ್ಮಾನ ಮಾಡಬೇಡಿ. ಮಲೆನಾಡಿನಲ್ಲಂತೂ ಜುಲೈ ಪೂರ್ತಿ ಈ ಪರೀಕ್ಷೆಗೆ ರಜೆ. ಅಲ್ಲಿನ ಬಹಳ ಮನೆಗಳಲ್ಲಿ ಸೋಲಾರ್ ಬಂದ ಮೇಲೂ ಒಲೆ ಹಂಡೆ ಉಳಿದುಕೊಂಡಿರುವುದು ಸುಮ್ನೆ ಅಲ್ಲ.

ಅಳೆಯುವುದು ಹೇಗೆ

ಜ್ವರ ನೋಡುವ ಥರ್ಮಾಮೀಟರ್ ಕೆಲಸಕ್ಕೆ ಬಾರದು, ಅದು 42ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ಅಥವಾ ಉದ್ದ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಳ್ಳಿ, 100 ಡಿಗ್ರಿವರೆಗೆ ತೋರಿಸುತ್ತದಾ ಅಂತ ಮಾತ್ರ ನೋಡಿ. ಗುರಿಯಿಟ್ಟು ಒತ್ತುವ ಗನ್ ಮಾದರಿಯದು ಹೊಳೆಯುವ ಸ್ಟೀಲ್ ಪೈಪಿನ ಮೇಲೆ ತಪ್ಪು ಅಂಕಿ ಕೊಡುತ್ತದೆ. ಅದೇ ಇದ್ದರೆ ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಆ ಟೇಪಿನ ಮೇಲೆ ಗುರಿ ಇಡಿ.

ಸಂಜೆ 5ರ ಹೊತ್ತಿಗೆ ಅಳೆಯಿರಿ, ಪ್ರತಿದಿನ ಅದೇ ಹೊತ್ತಿಗೆ, ಮಧ್ಯಾಹ್ನ ಯಾರೂ ಬಿಸಿನೀರು ಬಳಸದ ದಿನ. ತಾರಸಿಯಲ್ಲೇ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಿಸಿನೀರಿನ ನಲ್ಲಿ ಇದ್ದರೆ ಅಲ್ಲೇ ಹಿಡಿಯಿರಿ. ಕೆಳಗಿನ ಬಚ್ಚಲಿನಲ್ಲಿ ಹಿಡಿಯುವುದಾದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಹೋಗಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ, 15 ಮೀಟರ್ ದೂರಕ್ಕೆ 4 ಲೀಟರ್ ಹತ್ತಿರ. ಅದನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕಿ. ಆಮೇಲೆ ಬರುವ ನೀರನ್ನು ಸ್ಟೀಲ್ ಚೊಂಬಿಗೆ ಬಿಟ್ಟು, ತುಂಬಿ ಹರಿಯುತ್ತಿರುವಾಗಲೇ ಕಡ್ಡಿ ಇಟ್ಟು ಅಂಕಿ ನಿಲ್ಲುವವರೆಗೆ ಕಾಯಿರಿ. ತಣ್ಣೀರಿನ ಅಂಕಿಯನ್ನು ಬೆಳಗ್ಗೆ ತೆಗೆದುಕೊಳ್ಳಿ. ಮಧ್ಯಾಹ್ನ ತೆಗೆದರೆ ಕಪ್ಪು ಸಿಂಟೆಕ್ಸ್ ಬಿಸಿಲಿಗೆ ಕಾದು ನಿಮಗೆ ಸುಳ್ಳು ಹೇಳುತ್ತದೆ.

ಬರೆದಿಡುವುದಕ್ಕೆ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್‌ಗಿಂತ ಒಳ್ಳೆ ಜಾಗ ಇಲ್ಲ. ಆ ದಿನದ ಮನೆಯಲ್ಲಿ ತಣ್ಣೀರು, ಬಿಸಿನೀರು, ಪಕ್ಕದಲ್ಲಿ ಬಿಸಿಲು, ಮೋಡ ಅಥವಾ ಮಳೆ. ದಿನಾ ಬರೆಯಬೇಕಾಗಿಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಸಿಲಿದ್ದ ಮೂರ್ನಾಲ್ಕು ದಿನದ ಅಂಕಿ ಇದ್ದರೆ ಸಾಕು, ಮುಂದಿನ ವರ್ಷ ಅದೇ ತಿಂಗಳಿಗೆ ಹೋಲಿಸಬಹುದು. ನಿಧಾನಕ್ಕೆ ಸುಣ್ಣ ಕಟ್ಟಿಕೊಂಡು ಕೆಡುವ ವ್ಯವಸ್ಥೆ ಸಿಕ್ಕಿಬೀಳುವುದು ಈ ವರ್ಷದಿಂದ ವರ್ಷದ ಹೋಲಿಕೆಯಲ್ಲೇ.

ಬಕೆಟ್ ಲೆಕ್ಕ

ಮೇಲಿನ ಅಂಕಿಯಲ್ಲಿ ಒಂದು ಮೋಸ ಇದೆ. ಬಿಸಿನೀರು ಹಗುರ, ಟ್ಯಾಂಕಿನ ಮೇಲ್ಭಾಗಕ್ಕೆ ಸೇರುತ್ತದೆ, ಹೊರಗೆ ಬರುವ ಪೈಪ್ ಇರುವುದೂ ಮೇಲೆಯೇ. ಒಂದು ಚೊಂಬು ನೀರು 60 ಇದೆ ಅಂದರೆ ಇಡೀ 200 ಲೀಟರ್ 60 ಇದೆ ಅಂತಲ್ಲ. ಅದಕ್ಕೇ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ: ಮನೆಯವರೆಲ್ಲ ಸ್ನಾನ ಮಾಡುವ, ಬಟ್ಟೆಯೂ ಒಗೆಯುವ ಒಂದು ಭಾನುವಾರ, ಬರೀ ಬಿಸಿನೀರಿನ ನಲ್ಲಿಯಿಂದ 20 ಲೀಟರ್ ಬಕೆಟ್ ತುಂಬಿಸಿ, ಪ್ರತಿ ಬಕೆಟ್ಟಿನ ಅಂಕಿ ಬರೆದುಕೊಳ್ಳಿ. ತಣ್ಣೀರು ಬೆರೆಸುವುದೆಲ್ಲ ಅಂಕಿ ಬರೆದ ಮೇಲೆ. ನೀರು ಒಂದು ಹನಿಯೂ ದಂಡವಾಗುವುದಿಲ್ಲ.

ಚೆನ್ನಾಗಿರುವ ಟ್ಯಾಂಕಿನಲ್ಲಿ ಅಂಕಿಗಳು ಹೀಗೆ ಬರುತ್ತವೆ: 57, 57, 56, 56, 55, 53, 48, ಆಮೇಲೆ ಸರ್ರನೆ 38, 30. ಏಳು ಬಕೆಟ್ ಬಿಸಿನೀರು, ಅಂದರೆ 140 ಲೀಟರ್. ಟ್ಯಾಂಕ್ 200 ಲೀಟರಿನದ್ದಾದರೂ ತಣ್ಣೀರು ಒಳಗೆ ಬರುತ್ತಲೇ ಸ್ವಲ್ಪ ಬೆರೆಯುವುದರಿಂದ ಪೂರ್ತಿ ಹತ್ತು ಬಕೆಟ್ ಸಿಗುವುದಿಲ್ಲ, ಅದು ಸಹಜ. ಆದರೆ ಮೊದಲ ಮೂರು ಬಕೆಟ್ 57 ಬಂದು ನಾಲ್ಕನೆಯದೇ 40ಕ್ಕೆ ಇಳಿದರೆ ಟ್ಯಾಂಕಿನ ಮೇಲಿನ ಭಾಗ ಮಾತ್ರ ಕಾಯುತ್ತಿದೆ. ಮೊದಲ ಬಕೆಟ್ಟಿನಿಂದಲೇ ಐದೈದು ಡಿಗ್ರಿ ಇಳಿಯುತ್ತಾ ಹೋದರೆ ತಣ್ಣೀರು ಎಲ್ಲೋ ಬೆರೆಯುತ್ತಿದೆ, ಟ್ಯಾಂಕಿನೊಳಗೋ ಪೈಪಿನಲ್ಲೋ.

ಇದೇ ಹೊತ್ತಿಗೆ ಇನ್ನೊಂದು ಅಂಕಿ ಪುಕ್ಕಟೆ ಸಿಗುತ್ತದೆ: ಬಕೆಟ್ ತುಂಬಲು ಹಿಡಿದ ಸೆಕೆಂಡ್. ತಣ್ಣೀರಿನ ನಲ್ಲಿ ಮೊದಲಿನಷ್ಟೇ ರಭಸವಾಗಿದ್ದು ಬಿಸಿನೀರಿನದು ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಿದ್ದರೆ, ಒಳಗೆ ಸುಣ್ಣ ಕಟ್ಟುತ್ತಿದೆ. ಶವರ್ ಬಿಚ್ಚಿ ಕೊಡವಿದಾಗ ಮೊಟ್ಟೆಯ ಓಡಿನಂಥ ಬಿಳಿ ಚಕ್ಕೆಗಳು ಬಿದ್ದರೆ ಮತ್ತೆ ಅನುಮಾನವೇ ಬೇಡ.

ರಾತ್ರಿ ಏನಾಗುತ್ತದೆ

ಸಂಜೆ 6ಕ್ಕೆ ಒಂದು ಅಂಕಿ, ಬೆಳಗ್ಗೆ 6ಕ್ಕೆ ಯಾರೂ ನಲ್ಲಿ ಮುಟ್ಟುವ ಮುಂಚೆ ಇನ್ನೊಂದು. ನಾಲ್ಕೈದು ಡಿಗ್ರಿ ಇಳಿದರೆ ಚಿಂತೆಯಿಲ್ಲ. ಹತ್ತಕ್ಕಿಂತ ಜಾಸ್ತಿ ಇಳಿದರೆ ಹಗಲಿಡೀ ಕಾಯಿಸಿದ್ದು ರಾತ್ರಿ ಸೋರಿಹೋಗುತ್ತಿದೆ. ಹೆಚ್ಚಾಗಿ ಮೂರು ಕಳ್ಳರು.

ಮೊದಲನೆಯದು ಟ್ಯಾಂಕಿನ ಹೊದಿಕೆ. ಹೊರ ತಗಡು ತುಕ್ಕು ಹಿಡಿದು ಅಥವಾ ಪೈಪ್ ಹೊರಬರುವ ಜಾಗದಲ್ಲಿ ರಬ್ಬರ್ ಒಡೆದು ಮಳೆನೀರು ಪಫ್ (ತಗಡಿನೊಳಗೆ ತುಂಬಿರುವ ಫೋಮ್) ಒಳಗೆ ಇಳಿದರೆ ಅದು ಶಾಖ ಹಿಡಿದಿಡುವುದಿಲ್ಲ. ರಾತ್ರಿ ಊಟ ಆದಮೇಲೆ ಮೇಲೆ ಹೋಗಿ ಟ್ಯಾಂಕಿನ ಮೈ ಸವರಿ ನೋಡಿ. ಎಲ್ಲ ಕಡೆ ತಣ್ಣಗಿದ್ದು ಒಂದು ಕಡೆ ಬೆಚ್ಚಗಿದ್ದರೆ ತೂತು ಅಲ್ಲೇ.

ಎರಡನೆಯದು ಪ್ಲೇಟ್ ಮಾದರಿಗೆ ಮಾತ್ರ. ಹಗಲು ಪ್ಯಾನೆಲ್‌ನಲ್ಲಿ ಕಾದ ನೀರು ತಾನಾಗಿ ಮೇಲೇರಿ ಟ್ಯಾಂಕ್ ಸೇರುತ್ತದೆ, ಅದಕ್ಕೆ ಪಂಪ್ ಬೇಡ. ಟ್ಯಾಂಕಿನ ತಳ ಪ್ಯಾನೆಲ್‌ನ ತಲೆಗಿಂತ ಒಂದಡಿಯಾದರೂ ಮೇಲಿರದಿದ್ದರೆ ರಾತ್ರಿ ಇದು ತಿರುಗುಮುರುಗಾಗಿ, ಟ್ಯಾಂಕಿನ ಬಿಸಿನೀರು ಪ್ಯಾನೆಲ್‌ಗೆ ಹೋಗಿ ತಣ್ಣಗಾಗುತ್ತದೆ. ರಾತ್ರಿ 10ರ ಮೇಲೆ ಪ್ಯಾನೆಲ್‌ನ ತಲೆಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು, ಆದಷ್ಟು ಪ್ಯಾನೆಲ್ ಹತ್ತಿರವೇ, ಮುಟ್ಟಿ ನೋಡಿ. ತಣ್ಣಗಿರಬೇಕು.

ಮೂರನೆಯದೇ ನಮ್ಮೂರ ಬಚ್ಚಲುಗಳಲ್ಲಿ ಜಾಸ್ತಿ: ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ, ಅಂದರೆ ಮಿಕ್ಸರ್ ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುವುದು. ಹೊಸ ಮನೆಗಳಲ್ಲಿ ಶವರ್‌ಗೆ ರಭಸ ಬರಲಿ ಅಂತ ಪ್ರೆಶರ್ ಪಂಪ್ ಹಾಕಿಸುತ್ತಾರೆ, ಅದು ಎಷ್ಟೋ ಕಡೆ ತಣ್ಣೀರಿನ ಲೈನಿಗೆ ಮಾತ್ರ ಇರುತ್ತದೆ. ಮಿಕ್ಸರ್ ತೆರೆದಿಟ್ಟು, ತುದಿಯಲ್ಲಿ ಕೈಶವರಿನ ಗುಂಡಿ ಮಾತ್ರ ಒತ್ತಿ ನಿಲ್ಲಿಸಿದರೆ ಒತ್ತಡದ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಮ್ಮುಖವಾಗಿ ಮೇಲೇರುತ್ತದೆ. ಪ್ಲಂಬರ್ ಬಂದು ಪ್ಯಾನೆಲ್ ನೋಡಿ, ಟ್ಯಾಂಕ್ ನೋಡಿ, ಎಲ್ಲ ಸರಿ ಇದೆ ಸಾರ್ ಅಂತ ಹೋಗುತ್ತಾನೆ. ಸರಿಯಾಗಿಯೇ ಇರುತ್ತದೆ, ತಪ್ಪಿರುವುದು ಎರಡು ಮಹಡಿ ಕೆಳಗೆ. ಪತ್ತೆ ಮಾಡುವುದು ಹೀಗೆ: ಸೋಲಾರ್ ಟ್ಯಾಂಕಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಕೆಳಗೆ ಯಾವುದಾದರೂ ಬಿಸಿನೀರಿನ ನಲ್ಲಿ ತೆರೆಯಿರಿ. ಏರ್ ವೆಂಟ್ (ಗಾಳಿ ಆಡಲು ಮೇಲೆ ಬಿಟ್ಟ ಪೈಪ್) ಇರುವ ಮಾಮೂಲಿ ಟ್ಯಾಂಕಾದರೆ ಸ್ವಲ್ಪ ನೀರು ಬಂದು ನಿಂತುಬಿಡಬೇಕು. ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ ಎಲ್ಲೋ ಒಂದು ಮಿಕ್ಸರ್ ಕಚ್ಚುತ್ತಿಲ್ಲ. ಒಂದೊಂದೇ ಬಚ್ಚಲಿನ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮುಚ್ಚುತ್ತಾ ಬಂದರೆ ಯಾವುದು ಅಂತ ಸಿಗುತ್ತದೆ. ಮುಗಿದ ಮೇಲೆ ವಾಲ್ವ್ ತೆರೆಯುವುದನ್ನು ಮರೆಯಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಆನ್ ಆದರೆ ಅದು ಸುಟ್ಟುಹೋಗುತ್ತದೆ.

ತಾರಸಿ ಮೇಲೆ ಕಣ್ಣಿಗೆ ಕಾಣುವುದು

ಏರಿಕೆ 35ರ ಬದಲು 20 ಬರುತ್ತಿದ್ದು, ರಾತ್ರಿ ಸೋರಿಕೆಯೂ ಇಲ್ಲ ಅಂದರೆ ತೊಂದರೆ ಪ್ಯಾನೆಲ್ ಕಡೆ ಇದೆ.

ಟ್ಯೂಬ್ ಮಾದರಿ ಆದರೆ ಬೆಳಗ್ಗೆ ತಂಪು ಹೊತ್ತಿನಲ್ಲಿ ಟ್ಯೂಬುಗಳ ಕೆಳತುದಿ ನೋಡಿ. ಗಾಜಿನ ಒಳಗಡೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಅದು ಬೇರಿಯಂ. ಎರಡು ಪದರ ಗಾಜಿನ ನಡುವಿನ ನಿರ್ವಾತಕ್ಕೆ ಗಾಳಿ ನುಗ್ಗಿದರೆ ಆ ಬೆಳ್ಳಿ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಟ್ಯೂಬ್ ಒಡೆದಿರುವುದಿಲ್ಲ, ನೀರೂ ಸೋರುವುದಿಲ್ಲ, ಆದರೆ ಕಾಯಿಸಿದ ಶಾಖವನ್ನೆಲ್ಲ ಗಾಳಿಗೆ ಬಿಡುತ್ತಿರುತ್ತದೆ. ಮಧ್ಯಾಹ್ನ ಹೊರಗಾಜನ್ನು ಬೆರಳಿನ ಹಿಂಭಾಗದಿಂದ ಮೆಲ್ಲಗೆ ತಾಗಿಸಿದರೂ ತಿಳಿಯುತ್ತದೆ: ಒಳ್ಳೆ ಟ್ಯೂಬಿನ ಹೊರಮೈ ಬಿಸಿಲಿಗಿಟ್ಟ ಗಾಜಿನಷ್ಟು ಮಾತ್ರ ಬೆಚ್ಚಗಿರುತ್ತದೆ, ಕೆಟ್ಟದ್ದು ಕೈ ಸುಡುತ್ತದೆ. 20 ಟ್ಯೂಬಿನಲ್ಲಿ ಒಂದು ಹೋದರೆ ಅಂಕಿಯಲ್ಲಿ ಕಾಣುವುದೇ ಇಲ್ಲ, ಐದು ಹೋದರೆ ಕಾಣುತ್ತದೆ. ಬದಲಾಯಿಸುವ ಟ್ಯೂಬಿನ ಉದ್ದ ಮತ್ತು ದಪ್ಪ ಹಳೆಯದರಷ್ಟೇ ಇರಬೇಕು.

ಪ್ಲೇಟ್ ಮಾದರಿ ಆದರೆ ಮಧ್ಯಾಹ್ನ 12ಕ್ಕೆ, ಒಣ ಬಟ್ಟೆ ಸುತ್ತಿದ ಕೈಯಿಂದ ಪ್ಯಾನೆಲ್‌ನ ಕೆಳಗಿನ ಪೈಪ್ ಮತ್ತು ಮೇಲಿನ ಪೈಪ್ ಮುಟ್ಟಿ ಹೋಲಿಸಿ. ಮೇಲಿನದು ಸ್ಪಷ್ಟವಾಗಿ ಜಾಸ್ತಿ ಬಿಸಿ ಇದ್ದು, ಟ್ಯಾಂಕೂ ಕಾಯುತ್ತಿದ್ದರೆ ನೀರು ಓಡಾಡುತ್ತಿದೆ. ಗಾಜು ಕಾದು ಕೆಂಡವಾಗಿ, ಮೇಲಿನ ಪೈಪ್ ಮುಟ್ಟಲಾಗದಷ್ಟು ಸುಡುತ್ತಿದ್ದು ಟ್ಯಾಂಕ್ ಮಾತ್ರ ಉಗುರುಬೆಚ್ಚಗಿದ್ದರೆ ನೀರು ನಿಂತುಬಿಟ್ಟಿದೆ. ಒಂದೋ ಏರ್ ಲಾಕ್, ಒಂದೋ ತಾಮ್ರದ ಸಣ್ಣ ಪೈಪುಗಳಲ್ಲಿ ಸುಣ್ಣ. ಮೇಲೆ ಹೋಗುವ ಪೈಪ್ ಎಲ್ಲೂ ತಗ್ಗದೆ ಏರುತ್ತಲೇ ಹೋಗಬೇಕು. ಯಾರೋ ಮೆಟ್ಟಿ ಅದು ನಡುವೆ ಬಾಗಿದ್ದರೂ ಸಾಕು, ಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಧೂಳು ಎಲ್ಲರಿಗೂ ಗೊತ್ತಿರುವುದೇ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ ತೊಳೆಯಿರಿ, ಆದರೆ ಬೆಳಗ್ಗೆ ಬೇಗ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ.

ನೆರಳನ್ನು ಮಾತ್ರ ಹೆಚ್ಚಿನವರು ತಪ್ಪಾಗಿ ನೋಡುತ್ತಾರೆ, ಯಾಕೆಂದರೆ ನೋಡುವುದು ಬೇಸಿಗೆಯಲ್ಲಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್ ಕೊನೆಗೆ ದಕ್ಷಿಣಕ್ಕೆ ಜಾರಿ, ಮಧ್ಯಾಹ್ನವೂ ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ದಕ್ಷಿಣದ ಪಕ್ಕದ ಮನೆಯವರು ನಿಮ್ಮ ಪ್ಯಾನೆಲ್‌ಗಿಂತ 10 ಅಡಿ ಎತ್ತರ ಗೋಡೆ ಎಬ್ಬಿಸಿದರೆ ಆಗ ನಡುಮಧ್ಯಾಹ್ನವೇ ಏಳು ಅಡಿಗೂ ಮೀರಿ ನೆರಳು, ಬೆಳಗ್ಗೆ 9ಕ್ಕೆ ಇನ್ನೂ ಉದ್ದ. ಬಿಸಿನೀರು ಜಾಸ್ತಿ ಬೇಕಾಗುವುದೂ ಆಗಲೇ, ಅಲ್ವಾ? ಡಿಸೆಂಬರಿನ ಒಂದು ದಿನ 9, 12 ಮತ್ತು 3 ಗಂಟೆಗೆ ಪ್ಯಾನೆಲ್‌ನ ಫೋಟೋ ತೆಗೆದಿಡಿ.

ಮೊಬೈಲ್‌ನಲ್ಲೇ ನೋಡಬೇಕು ಅನ್ನುವವರಿಗೆ

ಸ್ವಲ್ಪ ಎಲೆಕ್ಟ್ರಾನಿಕ್ಸ್ ಆಸಕ್ತಿ ಇದ್ದರೆ ಡಿಎಸ್18ಬಿ20 ಅನ್ನುವ ಸ್ಟೀಲ್ ಕವಚದ ಸೆನ್ಸರ್ ಮತ್ತು ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡ್ ಒಂದು ಸಾಕು. ಡೇಟಾ ವೈರಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಬೇಕು. ಸೆನ್ಸರನ್ನು ಟ್ಯಾಂಕಿನಿಂದ ಹೊರಬರುವ ಬಿಸಿನೀರಿನ ಲೋಹದ ಪೈಪಿಗೆ, ಟ್ಯಾಂಕಿಗೆ ತಾಗಿದಂತೆಯೇ, ಅಲ್ಯೂಮಿನಿಯಂ ಟೇಪಿನಿಂದ ಕಟ್ಟಿ, ಮೇಲೆ ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಸುತ್ತಿ. ಇನ್ನೊಂದನ್ನು ತಣ್ಣೀರಿನ ಪೈಪಿಗೆ. ಕೋತಿ ಕಾಟ ಇರುವ ಕಡೆ ವೈರನ್ನು ಕಂಡ್ಯೂಟ್ ಒಳಗೇ ಎಳೆಯಿರಿ, ಇಲ್ಲದಿದ್ದರೆ ಅದು ವಾರ ಬಾಳುವುದಿಲ್ಲ.

ಈ ಸೆನ್ಸರಿನ ಒಂದು ಚಾಳಿ ತಿಳಿದಿರಲಿ. ಕರೆಂಟು ಹೋಗಿ ಬಂದಾಗ ಅಳೆಯುವ ಮುಂಚೆಯೇ ಓದಿದರೆ ಅದು 85 ಅಂತ ಹೇಳುತ್ತದೆ. ಬೇರೆ ಕಡೆ ಆದರೆ ಯಾರಾದರೂ ನಗುತ್ತಾರೆ, ಸೋಲಾರ್ ಟ್ಯಾಂಕಿನ ಮೇಲೆ 85 ಅಂದರೆ ನಂಬಿಬಿಡುತ್ತೇವೆ. ಸರಿಯಾಗಿ 85.0 ಬಂದು ಮುಂದಿನ ಸಲ 52ಕ್ಕೆ ಇಳಿದರೆ ಆ 85 ಹೊಡೆದುಹಾಕಿ. ಮೈನಸ್ 127 ಬಂದರೆ ವೈರ್ ಕಿತ್ತಿದೆ.

ಐದು ನಿಮಿಷಕ್ಕೊಮ್ಮೆ ಓದಿದರೆ ಧಾರಾಳ. ಗ್ರಾಫ್‌ನಲ್ಲಿ ಬೆಳಗಿನ ಸ್ನಾನಕ್ಕೆ ಇಳಿತ, ಒಂಬತ್ತರಿಂದ ಏರಿಕೆ, ನಾಲ್ಕರ ಮೇಲೆ ಸಮ, ಇದು ಆರೋಗ್ಯವಂತ ದಿನ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಇಳಿದರೆ ಮಿಕ್ಸರ್ ಕಡೆ ಹೋಗಿ. ಏರಿಕೆ ದಿನಾ ಒಂದೇ ಹೊತ್ತಿಗೆ ಚಪ್ಪಟೆಯಾದರೆ ನೆರಳು.

ಸ್ಮಾರ್ಟ್ ಪ್ಲಗ್ ಹಾಕಿ ಬ್ಯಾಕಪ್ ಹೀಟರಿನ ಯೂನಿಟ್ ಅಳೆಯುವುದಾದರೆ 16 ಆಂಪಿಯರಿನದ್ದೇ ತೆಗೆದುಕೊಳ್ಳಿ. 2 ಕಿಲೋವ್ಯಾಟ್ ಕಾಯಿಲ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಚಿಕ್ಕ ಪ್ಲಗ್ ಕರಗಿಹೋಗಬಹುದು. ಟ್ಯಾಂಕಿನ ವೈರಿಂಗ್ ಹತ್ತಿರ ಕೈ ಹಾಕುವ ಮುಂಚೆ ಎಂಸಿಬಿ ಇಳಿಸಿ, ಅರ್ಥಿಂಗ್ ಇದೆಯಾ ನೋಡಿಸಿ.

ಸರ್ವಿಸ್‌ಗೆ ಕರೆಯುವಾಗ

ಬೋರ್‌ವೆಲ್ ನೀರಿನ ಮನೆಗಳಿಗೆ ಸುಣ್ಣ ತೆಗೆಸುವುದು ತಪ್ಪಿದ್ದಲ್ಲ. ಕಾವೇರಿ ನೀರಿಗೆ ಅಷ್ಟು ತೊಂದರೆ ಇಲ್ಲ. ಎಷ್ಟು ವರ್ಷಕ್ಕೊಮ್ಮೆ ಅಂತ ಯಾರನ್ನೂ ಕೇಳಬೇಡಿ, ನಿಮ್ಮ ಕ್ಯಾಲೆಂಡರ್ ಕೇಳಿ. ಕಳೆದ ಫೆಬ್ರವರಿಯಲ್ಲಿ 37 ಇದ್ದ ಏರಿಕೆ ಈ ಫೆಬ್ರವರಿ 29 ಆಗಿದ್ದು, ಬಕೆಟ್ ತುಂಬುವ ಹೊತ್ತೂ ಜಾಸ್ತಿಯಾಗಿದ್ದರೆ ಸಮಯ ಬಂದಿದೆ. ಒಳಗೆ ಗಾಜಿನ ಲೇಪ ಇರುವ ಟ್ಯಾಂಕಾದರೆ ಮೆಗ್ನೀಸಿಯಂ ಕಡ್ಡಿಯನ್ನೂ ಬಿಚ್ಚಿಸಿ ನೋಡಿ, ಸವೆದು ತಂತಿ ಮಾತ್ರ ಉಳಿದಿದ್ದರೆ ಹೊಸದು ಹಾಕಿಸಿ. ಅದು ಟ್ಯಾಂಕಿನ ಬದಲು ತಾನು ಸವೆಯಲಿ ಅಂತಲೇ ಇಟ್ಟಿರುವುದು.

ಕೆಲಸದವರು ಬರುವ ಹಿಂದಿನ ಸಂಜೆಯ ಅಂಕಿ ಬರೆದಿಡಿ. ಹೋದಮೇಲೆ ಪೂರ್ತಿ ಬಿಸಿಲಿನ ಎರಡು ಮೂರು ದಿನದ ಅಂಕಿ ತೆಗೆಯಿರಿ, ಸಾಧ್ಯವಾದರೆ ಸ್ವಲ್ಪ ಹಣ ಅಲ್ಲಿಯವರೆಗೆ ಉಳಿಸಿಕೊಳ್ಳಿ. ಐದಾರು ಡಿಗ್ರಿಯಾದರೂ ಏರದಿದ್ದರೆ ಆಸಿಡ್ ಹಾಕಿ ತೊಳೆದದ್ದು ಟ್ಯಾಂಕನ್ನು ಮಾತ್ರ, ಪ್ಯಾನೆಲ್‌ನ ಪೈಪುಗಳನ್ನಲ್ಲ ಅನ್ನುವ ಸಾಧ್ಯತೆಯೇ ಜಾಸ್ತಿ. ಮತ್ತೆ ಕರೆಸಿ ಅದನ್ನೇ ನೇರವಾಗಿ ಕೇಳಿ. ವಾರಂಟಿ ಇರುವ ವ್ಯವಸ್ಥೆಯಾದರೆ ಅಂಕಿ ಬರೆದ ಪುಟದ ಜೊತೆ ಟ್ಯಾಂಕಿನ ಮೇಲಿನ ನಂಬರ್ ಪ್ಲೇಟಿನ ಫೋಟೋವನ್ನೂ ಕಳಿಸಿ. ಆ ಪ್ಲೇಟಿನ ಅಕ್ಷರ ಕೆಲವು ವರ್ಷದ ಬಿಸಿಲಿಗೆ ಅಳಿಸಿಹೋಗುತ್ತದೆ, ಈಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.